ಗೆಳೆಯನಿಗೊಂದು ಪತ್ರ: ದುಡ್ಡೋ, ಕೋಚೋ?

ಪ್ರಿಯ ಗುಂಡ,

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಗೆಲುವು ಎಲ್ಲಿಂದ ಬರುತ್ತೆ ಅನ್ನೋದಕ್ಕೆ ನಿನ್ನ ಒಂದು ಸಾಲಿನ ತೀರ್ಪು ತಲುಪಿತು: "ಎಲ್ಲಾ ದುಡ್ಡಿನ ಆಟ, ಕೋಚ್ ಬರೀ ನೆಪ." ಟೆಕ್ಸಾಸ್ ಎ ಆ್ಯಂಡ್ ಎಮ್‌ನಲ್ಲಿ ಓದಿದವನು ಈ ಮಾತಾಡಬೇಕಾದರೆ ಭಂಡ ಧೈರ್ಯ ಬೇಕು ಕಣೋ. ಖಾಸಗಿಯಾಗಿಯೇ ಉತ್ತರಿಸಬಹುದಿತ್ತು, ಆದರೆ ನಾಲ್ಕು ಜನರ ಎದುರಲ್ಲದೆ ನೀನು ಸೋಲು ಒಪ್ಪುವವನಲ್ಲ, ಅದಕ್ಕೇ ಇಲ್ಲಿ.

(ನೋಡುತ್ತಾ ನಿಂತವರಿಗೆ: ಇದು ಅಮೆರಿಕದ, ಹೆಲ್ಮೆಟ್ ಹಾಕಿಕೊಂಡು ಆಡುವ ಫುಟ್‌ಬಾಲ್. ಹೌದು, ಕಾಲೇಜು ಹುಡುಗರದ್ದೇ. ಹೌದು, ಲಕ್ಷ ಜನ ಬಂದು ಕೂರುತ್ತಾರೆ.)

ನಿಮ್ಮ ಮನೆಯಿಂದಲೇ ಶುರು ಮಾಡೋಣ. 2017ರ ಕೊನೆಗೆ ಕೋಚ್ ಜಿಂಬೊ ಫಿಶರ್‌ಗೆ ಹತ್ತು ವರ್ಷಕ್ಕೆ 7.5 ಕೋಟಿ ಡಾಲರ್ ಕೊಟ್ಟು ಕರೆತಂದಿರಿ. 2021ರಲ್ಲಿ ಕರಾರು ಇನ್ನೂ ಹಿಗ್ಗಿತು. 2022ರಲ್ಲಿ ಹೊಸದಾಗಿ ಸೇರಿದ ಹುಡುಗರ ಬ್ಯಾಚು ರ‍್ಯಾಂಕಿಂಗಿನಲ್ಲಿ ದೇಶಕ್ಕೇ ಮೊದಲನೆಯದು. ಅದೇ ವರ್ಷ ಗೆದ್ದದ್ದು 5, ಸೋತದ್ದು 7. ಯಾಕೆ? ರ‍್ಯಾಂಕಿಂಗ್ ಅಳೆಯೋದು ಹದಿನೇಳರ ಹುಡುಗ ಮುಂದೆ ಏನಾಗಬಹುದು ಅನ್ನೋದನ್ನ. ಆದರೆ ಮುಂದಿನ ಸಾಲಿನಲ್ಲಿ ನಿಂತು ತಳ್ಳುವ ಆ ಐವರ ಮೈ ಗಟ್ಟಿಯಾಗೋಕೆ, ಪಕ್ಕದವನ ಹೆಜ್ಜೆ ಗೊತ್ತಾಗೋಕೆ ಎರಡು ಮೂರು ವರ್ಷ ಬೇಕು. ಅಷ್ಟರೊಳಗೆ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಕೊಡುವ ಪಟ್ಟಿ) ಬಾಗಿಲು ತೆರೆದಿತ್ತು. ಆ ಬ್ಯಾಚಿನ ಅನೇಕರು ಬೇರೆ ಕಡೆ ಹೊರಟೇ ಹೋದರು. 2023ರ ನವೆಂಬರಿನಲ್ಲಿ ಫಿಶರ್‌ನನ್ನು ಮನೆಗೆ ಕಳಿಸಿದಿರಿ. ಕೆಲಸ ಮಾಡದಿರುವುದಕ್ಕೆ ಆತನಿಗೆ ಸಲ್ಲಬೇಕಾದದ್ದು ಸುಮಾರು 7.6 ಕೋಟಿ. ಆಮೇಲೆ ಬಂದ ಮೈಕ್ ಎಲ್ಕೊ ಹಿಂದೆ ಅದೇ ಫಿಶರ್ ಕೈಕೆಳಗೆ ಡಿಫೆನ್ಸ್ ನೋಡಿಕೊಂಡಿದ್ದವನು. 2025ರಲ್ಲಿ 11 ಗೆಲುವು, ಜೊತೆಗೆ ರಾಷ್ಟ್ರೀಯ ಪಟ್ಟಕ್ಕಾಗಿ ಆಡುವ ಪ್ಲೇಆಫ್ ಸುತ್ತು. ಮೈದಾನ ಅದೇ, ದಾನಿಗಳೂ ಅವರೇ.

ಇಂಡಿಯಾನಾ ಕಾಲೇಜಿನ ಕಥೆ ನಿನಗೆ ಬಾಯಿಪಾಠ ಇರಬೇಕು. 2023ರಲ್ಲಿ 3 ಗೆಲುವು, 9 ಸೋಲು. ಕೋಚ್ ಆಗಿ ಕರ್ಟ್ ಸಿಗ್ನೆಟ್ಟಿ ಬಂದ ಮೊದಲ ವರ್ಷವೇ 11-2. ಎರಡನೇ ವರ್ಷ 16 ಆಟ, 16 ಗೆಲುವು, ರಾಷ್ಟ್ರೀಯ ಪಟ್ಟ. ಮಂತ್ರವೇನಿಲ್ಲ. ಹಳೇ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ 13 ಆಟಗಾರರನ್ನೂ, ಅಫೆನ್ಸ್-ಡಿಫೆನ್ಸ್ ಎರಡರ ಮುಖ್ಯಸ್ಥರನ್ನೂ ಜೊತೆಗೆ ಕರೆತಂದ. ಅಲ್ಲಿಗೆ ಹೊಸ ಪ್ಲೇಬುಕ್, ಅಂದರೆ ಆಟದ ತಂತ್ರಗಳ ಪಟ್ಟಿ, ಕಲಿಸುವ ಒಂದು ವರ್ಷ ಉಳಿಯಿತು. ಪೋರ್ಟಲಿನಲ್ಲಿ ಎತ್ತರ, ತೂಕ, ರ‍್ಯಾಂಕಿಂಗಿನವರು ಕೊಟ್ಟ ಸ್ಟಾರು ಎಣಿಸದೆ ನಿಜವಾದ ಪಂದ್ಯದಲ್ಲಿ ಏನು ಆಡಿದ್ದಾನೆ ಅಂತ ನೋಡಿದ.

ಕೋಚ್ ಪಕ್ಷ ಗೆದ್ದಿತು ಅಂತ ಇಲ್ಲಿಗೇ ಪತ್ರ ಮುಗಿಸುವ ಆಸೆ. ಆದರೆ ಲೆಕ್ಕದ ಪುಸ್ತಕ ಬಿಡೋದಿಲ್ಲ. ಸಿಗ್ನೆಟ್ಟಿಗೆ ಕುರ್ಚಿ ಖಾಲಿಯಾಗಬೇಕಾದರೆ ಮೊದಲಿದ್ದವರಿಗೆ 1.55 ಕೋಟಿ ಡಾಲರ್ ಕೊಡಬೇಕಾಯಿತು. 2025ರ ಜುಲೈ 1ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷದ ಮಿತಿ ಎಲ್ಲ ಆಟಗಳಿಗೂ ಸೇರಿ 2.05 ಕೋಟಿ. ದೊಡ್ಡ ಕಾಲೇಜುಗಳು ಅದರಲ್ಲಿ ಮುಕ್ಕಾಲು ಪಾಲನ್ನು ಫುಟ್‌ಬಾಲಿಗೇ ಎತ್ತಿಡುವುದು ರೂಢಿ. 105 ಜನರ ತಂಡಕ್ಕೆ ಹಂಚಿದರೆ ಸರಾಸರಿ ಒಂದೂವರೆ ಲಕ್ಷದ ಆಸುಪಾಸು. ಆದರೆ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಎಂದೂ ಸರಾಸರಿ ತಗೊಳ್ಳೋದಿಲ್ಲ. ಹೊರಗಿನ ಜಾಹೀರಾತು ದುಡ್ಡು ಬೇರೆ. ಈ ಮಟ್ಟದ ಹಣ ಇಲ್ಲದ ಕಡೆ ಎಂಥ ಕೋಚ್ ಇದ್ದರೂ ಅವನ ಜಾಣತನಕ್ಕೆ ಒಂದೇ ಬಳಕೆ, ಅವನಿಗೇ ಬೇರೆ ಕಡೆ ಕೆಲಸ ಕೊಡಿಸೋದು.

ಕೆಲವು ದಿನದಿಂದ ತಲೆ ತಿನ್ನುತ್ತಿರುವುದು ಇದೇ. ಇಂಡಿಯಾನಾ ಬಿಡು, ವರ್ಜೀನಿಯಾದ ಹ್ಯಾರಿಸನ್‌ಬರ್ಗ್‌ನಲ್ಲಿ ನಿಂತು ನೋಡು. ಜೇಮ್ಸ್ ಮ್ಯಾಡಿಸನ್‌ಗೆ ಕೋಚ್ ಆರಿಸುವ ಕಲೆ ಯಾರೂ ಕಲಿಸಬೇಕಿಲ್ಲ. ಎವರೆಟ್ ವಿದರ್ಸ್, ಟೆಕ್ಸಾಸ್ ಸ್ಟೇಟ್‌ಗೆ ಹೋದ. ಮೈಕ್ ಹೂಸ್ಟನ್ 2016ರಲ್ಲಿ ಕೆಳ ದರ್ಜೆಯ ರಾಷ್ಟ್ರೀಯ ಪಟ್ಟ ಗೆದ್ದುಕೊಟ್ಟು ಈಸ್ಟ್ ಕ್ಯಾರೊಲೈನಾಗೆ ಹೋದ. ಸಿಗ್ನೆಟ್ಟಿ ಇಂಡಿಯಾನಾಗೆ. ಬಾಬ್ ಚೆಸ್ನಿ 2025ರಲ್ಲಿ ಪ್ಲೇಆಫ್‌ವರೆಗೆ ಒಯ್ದು ಯು.ಸಿ.ಎಲ್.ಎ.ಗೆ. ಸಾಲಾಗಿ ನಾಲ್ವರು. ಅಲ್ಲಿನ ಕ್ರೀಡಾ ಬಜೆಟ್ಟಿನ ದೊಡ್ಡ ಪಾಲು ಟಿ.ವಿ. ಹಣವಲ್ಲ, ವಿದ್ಯಾರ್ಥಿಗಳ ಶುಲ್ಕ. ಸಸಿಮಡಿಗೆ ನೀರು ಹೊಯ್ಯೋದು ಅವರು, ನಾಟಿ ಇನ್ನೊಬ್ಬರ ಗದ್ದೆಯಲ್ಲಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ಕೋಚ್ ಪಕ್ಷ ಬಿಡುತ್ತಿಲ್ಲ, ನೋಡು. ಸಿಗ್ನೆಟ್ಟಿ ಅಲಬಾಮಾದಲ್ಲಿ ಹೆಸರಾಂತ ಕೋಚ್ ನಿಕ್ ಸೇಬನ್ ಕೈಕೆಳಗಿನ ಭದ್ರ ಕೆಲಸ ಬಿಟ್ಟು, ಐವತ್ತರ ಹತ್ತಿರ, ಕಡಿಮೆ ಸಂಬಳಕ್ಕೆ ಎರಡನೇ ದರ್ಜೆಯ ಕಾಲೇಜಿಗೆ ಹೋದವನು. ದೊಡ್ಡ ಕುರ್ಚಿ ಸಿಕ್ಕಾಗ 62. ಲೆಕ್ಕ ಏನೇ ಹೇಳಲಿ, ಅರವತ್ತೆರಡಕ್ಕಾದರೂ ಲೋಕ ಒಬ್ಬನ ಕಡೆ ತಿರುಗಿ ನೋಡುತ್ತೆ ಅನ್ನೋದು ನನಗೆ ಬೇಕು. ಬಹಳ ಬೇಕು. ಆಟದ ಬಗ್ಗೆ ನನ್ನ ಅಭಿಪ್ರಾಯ ಅಂತ ಇಷ್ಟು ವರ್ಷ ನಿನ್ನ ಜೊತೆ ವಾದಿಸುತ್ತಾ ಬಂದದ್ದರಲ್ಲಿ ಅರ್ಧ ಬರೀ ಈ ಹಸಿವೇ ಇರಬಹುದು.

ಸಾಕು. ಹೀಗೆಲ್ಲ ಬರೆದರೆ ನಮ್ಮ ಗೆಳೆಯರು ಸಾಂತ್ವನ ಸಭೆ ಕರೀತಾರೆ, ವಡೆ ಖರ್ಚು ನನ್ನ ಮೇಲೆ ಬೀಳುತ್ತೆ. ಅರವತ್ತೆರಡಕ್ಕೆ ನನ್ನನ್ನು ಹುಡುಕಿಕೊಂಡು ಬರೋದು ಇಂಡಿಯಾನಾ ಅಲ್ಲ, ಬಿ.ಪಿ. ಮಾತ್ರೆ ಅಂತ ನನಗೂ ಗೊತ್ತಪ್ಪ.

ನೀನು ಉತ್ತರಿಸಬೇಕಾದ್ದು ಒಂದೇ. 2024, 2025 ಎರಡೂ ವರ್ಷ ನಿಮ್ಮ ಹಳೇ ಎದುರಾಳಿ ಟೆಕ್ಸಾಸ್ ವಿಶ್ವವಿದ್ಯಾಲಯದ ಎದುರು ಸೋತಿರಿ. ಕಾರಣ ದುಡ್ಡೋ, ಕೋಚೋ? ಹವಾಮಾನ ಅಂತ ಬರೆದೀಯ, ಹುಷಾರ್.

ನಿನ್ನ,
ಉಪನಾಯಕ (ಆಡದ ತಂಡದ್ದು)