ಪೂಣಚ್ಚನಿಗೆ, ಫ್ಲಾರಿಡಾದ ಟ್ಯಾಂಪಾದಿಂದ

ಪ್ರೀತಿಯ ಪೂಣಚ್ಚ,

ಅಟ್ಲಾಂಟಾದಿಂದ ಕಾರಲ್ಲೇ ಬರ್ತೀನಿ, ಮೊದಲು ಕ್ಯೂಬನ್ ಸ್ಯಾಂಡ್‌ವಿಚ್, ಆಮೇಲೆ ಸಮುದ್ರ ಅಂತ ಬರೆದಿದ್ದೀಯ. ಸಂತೋಷ. ಆದರೆ ದಾರಿಯಲ್ಲಿ ‘ಕ್ಯೂಬನ್’ ಅಂತ ಬೋರ್ಡ್ ಕಂಡಲ್ಲೆಲ್ಲ ಕಾರು ನಿಲ್ಲಿಸಬೇಡ ಮಾರಾಯ. ಬರ್ಗರ್ ಬನ್ನಿಗೆ ಹಂದಿಮಾಂಸ ತುರುಕಿ ಅದೇ ಹೆಸರಲ್ಲಿ ಮಾರೋರು ಬೇಕಾದಷ್ಟು ಜನ ಇದ್ದಾರೆ. ಹಸಿವು ಇಟ್ಕೊಂಡು ಇಲ್ಲಿಗೇ ಬಾ.

ಒಳಗೆ ಎಷ್ಟು ಮಾಂಸ ಇದೆ ಅಂತ ಎಲ್ಲರೂ ನೋಡ್ತಾರೆ. ನೋಡಬೇಕಾದ್ದು ಬ್ರೆಡ್ಡನ್ನ. ನಮ್ಮೂರಿನ ಈಬೋರ್ ಸಿಟಿ ಅನ್ನೋ ಹಳೇ ಬಡಾವಣೆಯಲ್ಲಿ 1915ರಿಂದ ಲಾ ಸೆಗುಂಡಾ ಅನ್ನೋ ಬೇಕರಿ ಇದೆ. ಮೂರಡಿ ಉದ್ದದ ಲೋಫ್. ಕಲಸಿದ ಹಿಟ್ಟಿನ ಮೇಲೆ ಪಾಲ್ಮೆಟೊ ಅನ್ನೋ ಕುಳ್ಳ ತಾಳೆಯ ಹಸಿ ಗರಿಯ ಪಟ್ಟಿ ಒತ್ತಿ ಓವನ್ನಿಗಿಡ್ತಾರೆ. ಬೇಯುವಾಗ ಗರಿ ಇದ್ದ ಗೆರೆಯಲ್ಲೇ ಬ್ರೆಡ್ಡು ಬಾಯಿ ಬಿಡುತ್ತೆ. ಒಣಗಿದ ಗರಿ ಲೋಫಿಗೆ ಅಂಟಿಕೊಂಡೇ ಬಂದಿರುತ್ತೆ, ಕಿತ್ತು ಬಿಸಾಡಿ ತಿನ್ನಬೇಕು. ಹೇಳೋದು ಮರೆತಿದ್ದೆ, ನಿನ್ನ ಹೆಂಡತಿ ಮಾಂಸ ತಿನ್ನಲ್ಲ ಅಲ್ವಾ? ಕ್ಯೂಬನ್ ಬ್ರೆಡ್ಡಿನ ಹಿಟ್ಟಿಗೇ ಹಂದಿಕೊಬ್ಬು ಹಾಕೋದು ವಾಡಿಕೆ. ‘ಬರೀ ಬ್ರೆಡ್ಡು, ಬೆಣ್ಣೆ ಸಾಕು’ ಅಂತ ಕೂತರೂ ಕೇಳಿಕೊಂಡೇ ತಿನ್ನಬೇಕು.

ಒಳಗಿನ ಹಂದಿಮಾಂಸವನ್ನ ಬೆಳ್ಳುಳ್ಳಿ, ಜೀರಿಗೆ, ಒರೆಗಾನೊ, ಹುಳಿ ಕಿತ್ತಳೆ ರಸದಲ್ಲಿ ನೆನೆಹಾಕಿ ಹುರೀತಾರೆ. ನಿಮ್ಮ ಕೊಡಗಿನ ಪಂದಿಕರಿಗೆ ಕಾಚಂಪುಳಿಯ ಹುಳಿ ಹೇಗೋ, ಇದಕ್ಕೆ ಈ ಕಿತ್ತಳೆ ಹಾಗೆ. ಅದರ ಜೊತೆ ಹ್ಯಾಮ್, ಸ್ವಿಸ್ ಚೀಸ್, ಉಪ್ಪಿನ ಸೌತೆ, ಹಳದಿ ಸಾಸಿವೆ ಸಾಸ್. ಟ್ಯಾಂಪಾದಲ್ಲಾದರೆ ಇದಕ್ಕೆ ಸಲಾಮಿ ಸೇರುತ್ತೆ. ಮಯಾಮಿಯವರ ಜೊತೆ ಜಗಳ ಶುರುವಾಗೋದೇ ಅಲ್ಲಿ. ಅವರ ಪ್ರಕಾರ ಸಲಾಮಿ ಹಾಕಿದರೆ ಅದು ಕ್ಯೂಬನ್ನೇ ಅಲ್ಲ.

ಇಲ್ಲಿಯವರ ವಾದ ಬೇರೆ. 1880ರ ದಶಕದಲ್ಲಿ ವಿಸೆಂಟೆ ಮಾರ್ಟಿನೆಜ್ ಈಬೋರ್ ಇಲ್ಲಿ ಚುಟ್ಟಾ ಕಾರ್ಖಾನೆ ಹಾಕಿದಾಗ ಕ್ಯೂಬಾದವರು, ಸ್ಪೇನಿನವರು, ಸಿಸಿಲಿಯ ಇಟಾಲಿಯನ್ನರು ಅಕ್ಕಪಕ್ಕದಲ್ಲೇ ಬಂದು ನೆಲೆಸಿದರು. ಸಲಾಮಿ ಇಟಾಲಿಯನ್ನರ ಕೊಡುಗೆ ಅಂತ ಊರಿಡೀ ಹೇಳುತ್ತೆ. 2012ರಲ್ಲಿ ನಗರಸಭೆ ಠರಾವು ಪಾಸು ಮಾಡಿ ಇದನ್ನ ಊರಿನ ಅಧಿಕೃತ ಸ್ಯಾಂಡ್‌ವಿಚ್ ಮಾಡಿಬಿಟ್ಟಿತು! ನಾನಂತೂ ಸಲಾಮಿ ಪಕ್ಷ. ಹ್ಯಾಮಿನ ಸಿಹಿಗೆ ಆ ಖಾರ, ಆ ಜಿಡ್ಡು ಬೇಕೇ ಬೇಕು. ಮುಂದೆ ಮಯಾಮಿಗೂ ಹೋಗಿ ಕಾಯೆ ಓಚೋ ಬೀದಿಯ ವರ್ಸೈ ಅನ್ನೋ ಕ್ಯೂಬನ್ ಹೋಟೆಲಿನಲ್ಲಿ ಕೂತರೆ ಮಾತ್ರ ಈ ಮಾತು ಎತ್ತಬೇಡ.

ಇನ್ನು ಬಿಸಿ ಒತ್ತುವ ಯಂತ್ರ, ಪ್ಲಾಂಚಾ. ಎರಡೂ ಕಡೆಯಿಂದ ಒತ್ತಿದರೆ ಸ್ಯಾಂಡ್‌ವಿಚ್ಚಿನ ದಪ್ಪ ಅರ್ಧಕ್ಕೆ ಇಳಿಯಬೇಕು, ಅಂಚಿಗೆ ಜಾರಿದ ಚೀಸು ಕಂದುಗಟ್ಟಿ ಗರಿಗರಿಯಾಗಬೇಕು. ಓರೆಯಾಗಿ ಕತ್ತರಿಸುವಾಗ ಚಾಕುವಿನಡಿ ಚುರುಚುರು ಸದ್ದು ಬರಬೇಕು, ಒಳಗಿನ ಸೌತೆ ಮಾತ್ರ ಇನ್ನೂ ಕಚಕಚ ಅನ್ನಬೇಕು. ಸಲಾಡ್ ಎಲೆ, ಟೊಮೆಟೊ, ಮೇಯನೇಸ್ ಹಾಕಲಾ ಅಂತ ಕೇಳಿದರೆ ಬೇಡ ಅನ್ನು. ಕೆಲವರು ಇಷ್ಟಪಡ್ತಾರೆ, ಇರಲಿ. ನನ್ನ ಎದುರು ಬೇಡ.

ಬೆಳ್ಳಿ ಚಮಚ, ಬಿಳಿ ಮೇಜುಬಟ್ಟೆ ಬೇಕು ಅಂದ್ರೆ 1905ರ ಕೊಲಂಬಿಯಾ ರೆಸ್ಟೋರೆಂಟ್ ಇದೆ, ಸಂಜೆಗೆ ನೋಡೋಣ. ಸ್ಯಾಂಡ್‌ವಿಚ್ಚಿಗೆ ಬೇಕರಿಯೇ ಸರಿ. ಶನಿವಾರ ಬೆಳಿಗ್ಗೆ ಬಂದುಬಿಡು, ಕಾಫೆ ಕೊನ್ ಲೆಚೆ, ಅಂದ್ರೆ ಹಾಲು ಹಾಕಿದ ಕಾಫಿ, ಕುಡಿದು ಶುರು ಮಾಡೋಣ.

ಕಾರು ನಿಲ್ಲಿಸುವಾಗ ಮಾತ್ರ ಜೋಪಾನ. ಈಬೋರಿನ ಬೀದಿ ತುಂಬ ಕೋಳಿಗಳು ಅಡ್ಡಾಡ್ತಿರ್ತವೆ, ಅವಕ್ಕೆ ಕಾನೂನಿನ ರಕ್ಷಣೆ ಬೇರೆ. ನಿನ್ನ ಕಣ್ಣು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿರೋದ್ರಿಂದ ಈಗಲೇ ಹೇಳಿಡ್ತಿದ್ದೀನಿ.

ನಿನ್ನ,
ಸುಳ್ಯದ ಗೆಳೆಯ