ಕಾಂಪೌಂಡಿಗೆ ಬಂದು ನಿಲ್ಲುವ ರಸ್ತೆಗಳು

ಮಾನ್ಯರೇ,

ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯ ಪರ–ವಿರೋಧದ ಗದ್ದಲದಲ್ಲಿ ಬೆಂಗಳೂರಿನ ಒಳರಸ್ತೆಗಳ ಮಾತೇ ಬರುತ್ತಿಲ್ಲ. 1890ರ ದಶಕದಲ್ಲಿ ರೂಪುಗೊಂಡ ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಯಲ್ಲಿ ವಾಹನಗಳು ಕಟ್ಟಿಕೊಂಡರೆ ಯಾವುದಾದರೂ ಕ್ರಾಸ್ ಹಿಡಿದು ಮಾರ್ಗೋಸಾ ರಸ್ತೆ ಸೇರಬಹುದು. ಸರ್ಜಾಪುರ, ವರ್ತೂರು ಕಡೆ ಆ ಅನುಕೂಲವಿಲ್ಲ. ಗೋಡೆಯಾಚೆಯ ಮನೆಗೆ ಹೋಗಲೂ ಮುಖ್ಯರಸ್ತೆಗೇ ಇಳಿಯಬೇಕು.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಪಾಲಿಕೆಗೆ ಸೇರುವ ಮೊದಲೇ ಅಲ್ಲಿ ಸರ್ವೆ ನಂಬರಿಗೊಂದರಂತೆ ರೆವೆನ್ಯೂ ಬಡಾವಣೆಗಳು (ಕೃಷಿ ಜಮೀನಿನಲ್ಲಿ ಅನುಮೋದನೆಯಿಲ್ಲದೆ ಮಾಡಿದವು) ಎದ್ದಿದ್ದವು. ಒಬ್ಬರ ರಸ್ತೆ ಬೇಲಿಗೆ ಬಂದು ನಿಂತರೆ, ಪಕ್ಕದವರದು ಹದಿನೈದಿಪ್ಪತ್ತು ಅಡಿ ಆಚೆಗೆ ಶುರು. ನಡುವೆ ರಾಜಕಾಲುವೆ ಇದ್ದರಂತೂ ಮೋರಿ ಕಟ್ಟುವ ಖರ್ಚು ಯಾರದೂ ಅಲ್ಲ.

ಇದನ್ನು ಅಳೆಯುವುದು ಸುಲಭ. ನಕ್ಷೆಯಲ್ಲಿ ರಸ್ತೆಗಳು ಕೂಡುವ ಮತ್ತು ಕೊನೆಯಾಗುವ ಬಿಂದುಗಳನ್ನು ಎಣಿಸಿ. ಬಿಂದುಗಳ ನಡುವಿನ ರಸ್ತೆ ತುಂಡುಗಳ ಸಂಖ್ಯೆಯನ್ನು ಬಿಂದುಗಳ ಸಂಖ್ಯೆಯಿಂದ ಭಾಗಿಸಿ. ಕವಲೊಡೆದು ಎಲ್ಲೂ ಮತ್ತೆ ಕೂಡದ ಬಡಾವಣೆಗೆ 1ಕ್ಕಿಂತ ಕಡಿಮೆ ಬರುತ್ತದೆ. ವಿಶಾಲವಾದ ಮೇನ್–ಕ್ರಾಸ್ ಜಾಲಕ್ಕೆ 2ರ ಸಮೀಪ. ಅಮೆರಿಕದ ಕೆಲವು ನಗರಗಳು 1.2 ಅಥವಾ 1.4 ಇಲ್ಲದ ಬಡಾವಣೆಯನ್ನು ಒಪ್ಪುವುದಿಲ್ಲ. ಗೇಟು ಹಾಕಿದ ರಸ್ತೆ ನಕ್ಷೆಯಲ್ಲಿ ತೆರೆದಂತೆ ಕಂಡರೂ ಅದನ್ನು ಕುರುಡು ರಸ್ತೆ ಎಂದೇ ಎಣಿಸಬೇಕು. ಇಲ್ಲದಿದ್ದರೆ ಅಂಕಿ ಸುಳ್ಳಾಗುತ್ತದೆ. ಹಳೆಯ ನಕ್ಷೆಗಳಲ್ಲೂ ಇದೇ ಎಣಿಕೆ ಮಾಡಿದರೆ ಯಾವ ದಶಕದಲ್ಲಿ ಜಾಲ ತುಂಡಾಯಿತೆಂಬುದು ತಿಳಿಯುತ್ತದೆ.

ಕಟ್ಟಡ ಬದಲಾಗಬಹುದು, ಅಂತಸ್ತು ಏರಬಹುದು. ರಸ್ತೆಯ ಗೆರೆ ಅಷ್ಟು ಸುಲಭಕ್ಕೆ ಕದಲದು. ಕೆಂಪೇಗೌಡರ ಕಾಲದ ದೊಡ್ಡಪೇಟೆ–ಚಿಕ್ಕಪೇಟೆ ಕೂಡುರಸ್ತೆ ಇಂದಿಗೂ ಅಲ್ಲೇ ಇದೆ. ಹಾಗಾಗಿ ಬಿಗಿ ಮಾಡಬೇಕಾದದ್ದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಸೆಕ್ಷನ್‌ನಡಿ ವಿನ್ಯಾಸಕ್ಕೆ ಅನುಮೋದನೆ ಕೊಡುವ ಹಂತದಲ್ಲಿ. ಪ್ರತಿ ಗಡಿಗೂ ಕನಿಷ್ಠ ಒಂದು ರಸ್ತೆ, ನೆರೆಯ ಜಮೀನಿನ ಮಟ್ಟಕ್ಕೆ ಸರಿಯಾಗಿ, ಬೇಲಿಯವರೆಗೂ ಹೋಗಲೇಬೇಕು. ಸಾಮಾನ್ಯವಾಗಿ ಕೈಕೊಡುವುದು ಕೊನೆಯ ಹತ್ತು ಅಡಿ: ಅಲ್ಲಿ ಪಂಪ್‌ಹೌಸೋ ಟ್ರಾನ್ಸ್‌ಫಾರ್ಮರೋ ಕೂರುತ್ತದೆ, ಇಲ್ಲವೇ ತುಂಡು ಸೈಟಾಗಿ ಮಾರಾಟವಾಗುತ್ತದೆ. ಆ ತುದಿಯೂ ಸೇರಿದಂತೆ ರಸ್ತೆಗಳು ಸ್ಥಳೀಯ ಸಂಸ್ಥೆಗೆ ನೋಂದಣಿಯಾದ ಮೇಲಷ್ಟೇ ಸೈಟು ಬಿಡುಗಡೆ ಮಾಡಬೇಕು.

ಕಟ್ಟಿಯಾದ ಬಡಾವಣೆಗಳಲ್ಲಿ ವಾಹನ ಬೇಡವೆಂದರೆ ಬೇಡ, ಗೋಡೆಯಲ್ಲಿ ಎರಡು–ಮೂರು ಮೀಟರ್ ಬಿಡಿಸಿದರೂ ಶಾಲೆಗೆ ಹೋಗುವ ಮಕ್ಕಳಿಗೆ, ಸೈಕಲ್‌ಗೆ ದಾರಿಯಾಗುತ್ತದೆ. ಗ್ರಾಮ ನಕ್ಷೆಗಳಲ್ಲಿರುವ ‘ನಕಾಶೆ ಕಂಡ ದಾರಿ’ಗಳಿಗೆ ಭೂಸ್ವಾಧೀನದ ಗೊಡವೆಯೂ ಇಲ್ಲ, ಅವು ಸಾರ್ವಜನಿಕರವೇ. ಬೆಂಗಳೂರು ಪಾಲಿಕೆಯನ್ನು ಒಡೆದು ಮಾಡಿದ ಐದೂ ಹೊಸ ಪಾಲಿಕೆಗಳು ಭೂಮಾಪಕರನ್ನು ಕಳಿಸಿ, ಒತ್ತುವರಿಯಾದ ಈ ಬಂಡಿದಾರಿಗಳನ್ನು ಮೊದಲು ಗುರುತಿಸಲಿ.

– ನಗರ ಯೋಜಕರು, ಬೆಂಗಳೂರು