ಉಣುಗಿನ ಹೊಟ್ಟೆಯಿಂದ ಶುರು ಮಾಡು

ಪ್ರೀತಿಯ ತಮ್ಮನಿಗೆ,

ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಎಲ್ಲೂ ಎಡವುವುದಿಲ್ಲ. ಆದರೆ ಒಂದು ಮಾತು ನನ್ನನ್ನು ಕಾಡಿತು. 'ಉಣುಗು ರೋಗಾಣುವನ್ನು ಹೊತ್ತು ತರುತ್ತದೆ' ಅಂತ ಆರು ಕಡೆ ಬರೆದಿದ್ದೀಯ. ಮೂಟೆ ಹೊತ್ತ ಹಾಗೆ ಹೊರುವುದಲ್ಲ ಅದು. ಮೊದಲು ಉಣುಗಿಗೇ ಸೋಂಕು ತಗಲಬೇಕು. ಅದರ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಬದುಕಿ ಉಳಿಯಬೇಕು. ನಿನ್ನ ಆ ಒಂದು ಕ್ರಿಯಾಪದ ಇಷ್ಟನ್ನೂ ಮುಚ್ಚಿಹಾಕಿದೆ.

ಉಣುಗು ಕಚ್ಚಿ ಬರುವ ಲೈಮ್ ಕಾಯಿಲೆಯನ್ನೇ ತಗೋ. 1981ರಲ್ಲಿ ಅಮೆರಿಕದಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣುಗುಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಹುಡುಕುತ್ತಿದ್ದದ್ದು ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾ. ಕಂಡದ್ದು ಸುರುಳಿಯಾಕಾರದ ಬೇರೆಯೇ ಬ್ಯಾಕ್ಟೀರಿಯಾ. ಈಗ ಅದಕ್ಕೆ ಅವರದೇ ಹೆಸರಿದೆ: ಬೊರೇಲಿಯಾ ಬರ್ಗ್‌ಡಾರ್ಫೆರಿ. ಅದು ಮೊದಲು ಕಂಡದ್ದು ರೋಗಿಯ ರಕ್ತದಲ್ಲಲ್ಲ, ಉಣುಗಿನ ಕರುಳಲ್ಲಿ. ನಿನ್ನ ಲೇಖನವೂ ಅಲ್ಲಿಂದಲೇ ಹೊರಡಬಹುದು, ಅಲ್ವಾ?

ಮೊಟ್ಟೆಯೊಡೆದು ಬಂದ ಮರಿಗೆ ಆರು ಕಾಲು. ಅದರಲ್ಲಿ ಬೊರೇಲಿಯಾ ಇರುವುದಿಲ್ಲ. ಸೋಂಕಿರುವ ಇಲಿಯಂಥ ಪ್ರಾಣಿಯ ರಕ್ತ ಕುಡಿದಾಗಲೇ ಅದು ಒಳಗೆ ಬರುವುದು. ಉಣುಗು ರಕ್ತವನ್ನು ಹೆಚ್ಚಾಗಿ ಕರುಳಿನ ಜೀವಕೋಶಗಳ ಒಳಗೆ ಅರಗಿಸಿಕೊಳ್ಳುತ್ತದೆ. ಹಾಗಾಗಿ ಕರುಳಿನ ಪೊಳ್ಳಿನಲ್ಲಿ ಬ್ಯಾಕ್ಟೀರಿಯಾಕ್ಕೆ ಜೀರ್ಣರಸದ ಕಾಟ ಕಡಿಮೆ. ಬ್ಯಾಕ್ಟೀರಿಯಾದ ಮೈಮೇಲೆ ಓಸ್ಪ್-ಎ ಎಂಬ ಪ್ರೋಟೀನ್ ಇದೆ. ಅದು ಕರುಳಿನ ಗೋಡೆಯ ಇನ್ನೊಂದು ಪ್ರೋಟೀನಿಗೆ ಅಂಟುತ್ತದೆ. ಮರಿ ಪೊರೆ ಕಳಚಿ ಎಂಟು ಕಾಲಿನ ನಿಂಫ್, ಅಂದರೆ ಇನ್ನೂ ಪೂರ್ತಿ ಬೆಳೆಯದ ಉಣುಗು, ಆಗುತ್ತದೆ. ತಿಂಗಳುಗಟ್ಟಲೆ ಉಪವಾಸ ಇರುತ್ತದೆ. ಅಷ್ಟು ದಿನವೂ ಬ್ಯಾಕ್ಟೀರಿಯಾ ಕರುಳಲ್ಲೇ ಇರುತ್ತದೆ.

ನಿಂಫ್ ಮತ್ತೆ ಕಚ್ಚಿದಾಗ ಬಿಸಿ ರಕ್ತ ಒಳಗೆ ಹರಿಯುತ್ತದೆ. ಆಗ ಬ್ಯಾಕ್ಟೀರಿಯಾದ ಮೈಮೇಲೆ ಓಸ್ಪ್-ಎ ಇಳಿಯುತ್ತದೆ, ಓಸ್ಪ್-ಸಿ ಎಂಬ ಇನ್ನೊಂದು ಪ್ರೋಟೀನ್ ಏರುತ್ತದೆ. ಬ್ಯಾಕ್ಟೀರಿಯಾ ಹೆಚ್ಚುತ್ತಾ ಹೋಗುತ್ತದೆ. ಅವುಗಳಲ್ಲಿ ಕೆಲವೇ ಕರುಳನ್ನು ದಾಟಿ ಜೊಲ್ಲಿನ ಗ್ರಂಥಿ ಸೇರುತ್ತವೆ, ಅಲ್ಲಿಂದ ಜೊಲ್ಲಿನ ಜೊತೆ ಕಚ್ಚಿಸಿಕೊಂಡವರ ಮೈಗೆ ಹೋಗುತ್ತವೆ. ಇದಕ್ಕೆಲ್ಲ ಸಾಮಾನ್ಯವಾಗಿ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಬೇಕು. 'ಉಣುಗನ್ನು ಬೇಗ ಕಿತ್ತುಬಿಡಿ' ಅಂತ ಕೊನೆಯಲ್ಲಿ ಸುಮ್ನೆ ಹೇಳಿದ್ದೀಯ. ಯಾಕೆ ಅನ್ನುವುದು ಇಲ್ಲಿದೆ. ಇದನ್ನು ಓದಿದವರು ಆ ಮಾತನ್ನು ಮರೆಯುವುದಿಲ್ಲ.

ಒಂದು ಎಚ್ಚರಿಕೆ. ಉಣುಗುಗಳೆಲ್ಲ ರೋಗಾಣು ಇಟ್ಟುಕೊಂಡೇ ಹುಟ್ಟುತ್ತವೆ ಅಂತ ನಾನು ಒಮ್ಮೆ ಬರೆದಿದ್ದೆ. ಓದಿದ ವೈದ್ಯರೊಬ್ಬರು ಕಾಗದ ಬರೆದು ತಿದ್ದಿದರು. ಆ ತಪ್ಪು ನನಗೆ ಇನ್ನೂ ನೋವು ಕೊಡುತ್ತದೆ, ಎಷ್ಟೋ ಜನ ಅದನ್ನು ನಂಬಿದ್ದರು. ಉಣುಗಿನಿಂದಲೇ ಹರಡುವ ರಾಕಿ ಮೌಂಟನ್ ಮಚ್ಚೆ ಜ್ವರದ ರಿಕೆಟ್ಸಿಯಾ ತಾಯಿಯಿಂದ ಮೊಟ್ಟೆಗೂ ದಾಟುತ್ತದೆ, ನಿಜ. ಬೊರೇಲಿಯಾ ಬರ್ಗ್‌ಡಾರ್ಫೆರಿ ಹಾಗಲ್ಲ. ಒಂದರ ಗುಣವನ್ನು ಇನ್ನೊಂದಕ್ಕೆ ಹಚ್ಚಬೇಡ.

ಉಣುಗಿಗೆ ಇದರಿಂದ ಏನೂ ಆಗುವುದಿಲ್ಲ ಅಂತಲೂ ಬರೆಯಬೇಡ. ಅದೇ ರಿಕೆಟ್ಸಿಯಾ ತಗಲಿದ ಹೆಣ್ಣು ಉಣುಗುಗಳು ಪ್ರಯೋಗಗಳಲ್ಲಿ ಹೆಚ್ಚು ಸತ್ತಿವೆ, ಕಡಿಮೆ ಮೊಟ್ಟೆ ಇಟ್ಟಿವೆ. ಉಣುಗಿನಿಂದ ಹರಡುವ ಇನ್ನೊಂದು ಬ್ಯಾಕ್ಟೀರಿಯಾ ಅನಾಪ್ಲಾಸ್ಮಾದ ಕಥೆ ತಿರುವುಮುರುವು. ಅದು ಹೊಕ್ಕ ಉಣುಗು ಮೈ ಹೆಪ್ಪುಗಟ್ಟದಂತೆ ಕಾಯುವ ಪ್ರೋಟೀನನ್ನು ಜಾಸ್ತಿ ಮಾಡಿಕೊಳ್ಳುತ್ತದೆ, ಕಡು ಚಳಿಯಲ್ಲೂ ಬದುಕುಳಿಯುತ್ತದೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಸಣ್ಣ ಮಾತು. 'ಬ್ಯಾಕ್ಟೀರಿಯಾ ಹೊಂಚು ಹಾಕುತ್ತದೆ', 'ಸಮಯ ಕಾಯುತ್ತದೆ' ಅನ್ನುವುದನ್ನು ತೆಗೆದುಬಿಡು. ಅದಕ್ಕೆ ಮನಸ್ಸಿಲ್ಲ. ರಕ್ತ ಬಂತು, ಬಿಸಿಯಾಯಿತು, ಒಂದು ಪ್ರೋಟೀನ್ ಇಳಿಯಿತು, ಇನ್ನೊಂದು ಏರಿತು. ನಡೆದದ್ದನ್ನು ನಡೆದ ಹಾಗೆ ಬರೆ.

ತಿದ್ದಿದ ಮೇಲೆ ಮತ್ತೆ ಕಳಿಸು. ಆರು ಕಾಲಿನ ಮರಿ ಇಲಿಯ ಕಿವಿಯ ಹತ್ತಿರ ಕಚ್ಚಿಕೊಂಡ ಹೊತ್ತಿನಿಂದ ಶುರು ಮಾಡಿದ್ದೀಯಾ ಅಂತ ಮೊದಲು ನೋಡುತ್ತೇನೆ.

ಇಂತಿ,
ನಿನ್ನ ಅಕ್ಕ